ಬೆಳಗಿದಷ್ಟೂ ಬೆಲೆ ಇಳಿಯುವ ಬೆಳ್ಳಿ

ಹಳೆಯ ನಾಣ್ಯದ ವ್ಯಾಪಾರ ಬಲ್ಲವರು ನಾಣ್ಯವನ್ನು ನೇರವಾಗಿ ನೋಡುವುದಿಲ್ಲ. ಎರಡು ಬೆರಳಲ್ಲಿ ಅಂಚನ್ನಷ್ಟೇ ಹಿಡಿದು, ದೀಪದ ಕೆಳಗೆ ಓರೆ ಮಾಡಿ, ಮೆಲ್ಲಗೆ ಆಡಿಸುತ್ತಾರೆ. ಕೈಯಿಂದ ಕೈಗೆ ಹೆಚ್ಚು ಓಡಾಡದ ಬೆಳ್ಳಿ ರೂಪಾಯಿಯಾದರೆ ಅದರ ಮೈಮೇಲೆ ಬೆಳಕಿನ ಪಟ್ಟಿಗಳು ಸೈಕಲ್ ಚಕ್ರದ ಕಡ್ಡಿಗಳಂತೆ ಸುತ್ತುತ್ತವೆ. ಟಂಕಸಾಲೆಯ ಅಚ್ಚಿನ ಏಟಿಗೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಗುರುತಾಗಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಏಣುಗಳು ಉಳಿಯುತ್ತವೆ, ಬೆಳಕು ಸುತ್ತುವುದು ಅವುಗಳ ಮೇಲೆ. ಒಮ್ಮೆ ಪುಡಿ ಹಾಕಿ ಉಜ್ಜಿದರೆ ಸಾಕು, ಏಣುಗಳು ಹೋಗುತ್ತವೆ, ಚಕ್ರ ನಿಲ್ಲುತ್ತದೆ. ನಾಣ್ಯ ಹೊಳೆಯುವುದೇನೋ ಹೊಳೆಯುತ್ತದೆ, ಆದರೆ ಸ್ಟೀಲ್ ಲೋಟದ ಹೊಳಪು ಅದು. ‘ತೊಳೆದದ್ದು’ ಎಂದು ಒಂದೇ ಮಾತು ಹೇಳಿ ವ್ಯಾಪಾರಿ ಅದನ್ನು ಪಕ್ಕಕ್ಕಿಡುತ್ತಾನೆ. ಅಲ್ಲಿಂದ ಮುಂದೆ ಮಾತು ಬೆಳ್ಳಿಯ ತೂಕದ್ದು ಮಾತ್ರ.

ನಮ್ಮ ಮನೆಗಳಲ್ಲಿ ಈ ಅನಾಹುತ ಭಕ್ತಿಯಿಂದಲೇ ನಡೆಯುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ದೇವರ ಪೆಟ್ಟಿಗೆಯಿಂದ ರಾಣಿ ಛಾಪಿನ ರೂಪಾಯಿಗಳು ಹೊರಬರುತ್ತವೆ. ಜೊತೆಗೆ ಕಮಲದ ಚಿತ್ರವಿರುವ ಹಳದಿ ಇಪ್ಪತ್ತು ಪೈಸೆ. 1968ರಿಂದ 1971ರವರೆಗೆ ಬಂದ ಈ ನಾಣ್ಯದ ಲೋಹ ಅಲ್ಯೂಮಿನಿಯಂ ಬೆರೆತ ತಾಮ್ರ. ಬಂಗಾರದ ಬಣ್ಣವೂ ಕಮಲವೂ ಕೂಡಿದ್ದೇ ತಡ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇರಬೇಕಾದದ್ದು ದೇವರ ಕೋಣೆ ಸೇರಿಬಿಟ್ಟಿತು. ಆಮೇಲೆ ಹುಣಸೆಹಣ್ಣು, ನಿಂಬೆ ಸಿಪ್ಪೆ, ವಿಭೂತಿ, ಪಾತ್ರೆ ಬೆಳಗುವ ಪುಡಿ. ಹುಣಸೆಯ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ ಲೋಹದ ಮೇಲಿನ ಪದರವನ್ನು ಕರಗಿಸುತ್ತವೆ, ಪುಡಿ ಕೆಳಗಿನದನ್ನು ಗೀರುತ್ತದೆ. ತಂಬಿಗೆಗೆ ಇದರಿಂದ ನಷ್ಟವಿಲ್ಲ. ಅದರ ಮೈ ದಪ್ಪ, ಅಲ್ಲಿ ಓದಬೇಕಾದ ಅಕ್ಷರವೂ ಇಲ್ಲ. ನಾಣ್ಯದ ಬರಹ ಇರುವುದೇ ಕೂದಲೆಳೆಯಷ್ಟು ಎತ್ತರದಲ್ಲಿ.

ಹಾಗಾದರೆ ಬೆಳ್ಳಿಯ ಮೇಲಿನ ಆ ಕಪ್ಪು ಏನು? ಕೊಳೆ ಎಂದುಕೊಳ್ಳುವುದರಿಂದಲೇ ಎಲ್ಲ ತಪ್ಪು ಶುರುವಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯೊಡನೆ ಸೇರಿ ಆದ ಸಿಲ್ವರ್ ಸಲ್ಫೈಡ್ ಅದು. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಅಗ್ಗದ ರಟ್ಟು ಇವೆಲ್ಲ ಗಂಧಕ ಬಿಡುತ್ತವೆ. ಅಂದರೆ ಕಪ್ಪಿನೊಳಗಿರುವ ಬೆಳ್ಳಿ ನಾಣ್ಯದ್ದೇ. ಅದನ್ನು ತೆಗೆದರೆ ಅಷ್ಟು ನಾಣ್ಯ ಹೋಯಿತು. ಈ ಪದರ ತೀರ ತೆಳುವಾಗಿದ್ದಾಗ ಕಪ್ಪಗೆ ಕಾಣುವುದೂ ಇಲ್ಲ. ಮಳೆನೀರಿನ ಮೇಲೆ ತೇಲುವ ಪೆಟ್ರೋಲಿನಂತೆ ಹೊಂಬಣ್ಣ, ನೇರಳೆ, ನೀಲಿಯಾಗಿ ಮಿನುಗುತ್ತದೆ. ಸಂಗ್ರಾಹಕರು ಇದನ್ನು ‘ಟೋನಿಂಗ್’ ಎನ್ನುತ್ತಾರೆ, ಚೆಂದದ ಟೋನಿಂಗಿಗೆ ಹೆಚ್ಚು ದುಡ್ಡನ್ನೂ ಕೊಡುತ್ತಾರೆ. ಅಜ್ಜಿ ಉಜ್ಜಿ ತೆಗೆದದ್ದನ್ನು ಮೊಮ್ಮಗ ದುಡ್ಡು ಕೊಟ್ಟು ಕೊಳ್ಳುವ ವಿಚಿತ್ರ ಕಸುಬು ಇದು.

ನಾಣ್ಯ ಸಂರಕ್ಷಣೆ ಎಂಬ ವಿದ್ಯೆ ನಿಂತಿರುವುದು ಒಂದು ವಿಂಗಡಣೆಯ ಮೇಲೆ. ನಾಣ್ಯದ ಮೇಲೆ ಹೊರಗಿನಿಂದ ಬಂದು ಕೂತದ್ದು ಯಾವುದು, ನಾಣ್ಯದ ಲೋಹದಿಂದಲೇ ಆದದ್ದು ಯಾವುದು? ಎಣ್ಣೆ, ಕುಂಕುಮದ ಜಿಡ್ಡು, ಟೇಪಿನ ಅಂಟು, ಪ್ಲಾಸ್ಟಿಕ್ಕಿನ ಒಸರು ಮೊದಲನೆಯ ಗುಂಪಿನವು. ಇವನ್ನು ತೆಗೆಯಬಹುದು, ತೆಗೆಯಲೂಬೇಕು. ಎರಡನೆಯದನ್ನು ಮುಟ್ಟುವ ಮುಂಚೆ ನೂರು ಸಲ ಯೋಚಿಸಬೇಕು.

ಮೊದಲನೆಯ ಗುಂಪಿಗೆ ನನ್ನ ಓಟು ಅಸಿಟೋನಿಗೆ. ಇಂಗಾಲ, ಜಲಜನಕ, ಆಮ್ಲಜನಕ ಇಷ್ಟೇ ಇರುವ ಈ ದ್ರವ ಎಣ್ಣೆ, ಅಂಟು, ವಾರ್ನಿಷ್‌ಗಳನ್ನು ಕರಗಿಸುತ್ತದೆ. ಬೆಳ್ಳಿಯ ತಂಟೆಗೂ ಹೋಗುವುದಿಲ್ಲ, ಬೆಳ್ಳಿಯ ಕಪ್ಪಿನ ತಂಟೆಗೂ ಹೋಗುವುದಿಲ್ಲ. ಪ್ರಯೋಗಾಲಯಕ್ಕೆ ರಾಸಾಯನಿಕ ಮಾರುವ ಅಂಗಡಿಯಲ್ಲಿ ಶುದ್ಧವಾದದ್ದು ಸಿಗುತ್ತದೆ. ಉಗುರುಬಣ್ಣ ಅಳಿಸುವ ಬಾಟಲಿಯಲ್ಲಿ ಬಣ್ಣ, ಸುಗಂಧ, ಎಣ್ಣೆ ಬೆರೆಸಿರುತ್ತಾರೆ, ಅದು ಬೇಡ. ಎರಡು ಗಾಜಿನ ಬಟ್ಟಲು ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಬಟ್ಟಲು ಮೆತ್ತಗಾಗಿ ತಾನೇ ನಾಣ್ಯಕ್ಕೆ ಅಂಟೀತು. ಮೊದಲ ಬಟ್ಟಲಲ್ಲಿ ನೆನೆಹಾಕಿ, ಎರಡನೆಯದರಲ್ಲಿ ಹೊಸ ಅಸಿಟೋನಿನಿಂದ ಜಾಲಾಡಿಸಿ ತೆಗೆಯಬೇಕು. ಇಲ್ಲದಿದ್ದರೆ ಕರಗಿದ ಜಿಡ್ಡೇ ತೆಳ್ಳಗೆ ಹರಡಿಕೊಂಡು ಮತ್ತೆ ಒಣಗುತ್ತದೆ. ಉಜ್ಜುವ ಮಾತೇ ಇಲ್ಲ. ಮೆತ್ತನೆಯ ಹತ್ತಿಬಟ್ಟೆಯ ಮೇಲಿಟ್ಟು ಹಗುರವಾಗಿ ಒತ್ತಿದರೆ ಸಾಕು, ಕ್ಷಣದಲ್ಲಿ ಆರುತ್ತದೆ. ಆದರೆ ಇದರ ಆವಿ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. ಹಬ್ಬದ ದಿನ ನಂದಾದೀಪದ ಪಕ್ಕ ಕೂತು ಈ ಕೆಲಸ ಮಾಡುವ ಉತ್ಸಾಹಿಗಳಿಗೆ ಕೈಮುಗಿದು ಹೇಳುತ್ತೇನೆ: ಕಿಟಕಿ ತೆರೆದಿರಲಿ, ಒಲೆ ಊದುಬತ್ತಿ ಯಾವುದೂ ಹತ್ತಿರ ಬೇಡ.

ಮಣ್ಣು, ಅರಿಶಿನ, ಹಾಲಿನ ಕಲೆಗೆ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು, ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ಒಣಗಿದ ಮೇಲೆ ಕಲೆ ಬಿಡುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಕೊಳ್ಳುವವರು ‘ನೀರು’ ಎಂದು ಒತ್ತಿ ಹೇಳಬೇಕು, ಅದೇ ಕಪಾಟಿನಲ್ಲಿ ಆಸಿಡ್ಡೂ ಇರುತ್ತದೆ.

ಎರಡನೆಯ ಗುಂಪಿನ ಹೆಸರುವಾಸಿ ಮದ್ದು ‘ಡಿಪ್’. ಬೆಳ್ಳಿ ಆಭರಣ ಅದ್ದಿದೊಡನೆ ಬೆಳ್ಳಗಾಗುವ ದ್ರಾವಣ. ಥಯೋಯೂರಿಯ ಮತ್ತು ಆಮ್ಲದ ಬೆರಕೆ ಅದು. ಸಲ್ಫೈಡನ್ನು ಕರಗಿಸಿ ಒಯ್ಯುತ್ತದೆ. ಎರಡು ಸೆಕೆಂಡಿನ ಮೊದಲ ಅದ್ದುವಿಕೆಯಲ್ಲಿ ಹಾನಿ ಕಣ್ಣಿಗೆ ಕಾಣುವುದಿಲ್ಲ, ಅದೇ ಅದರ ಮೋಸ. ಎರಡನೆಯ ಸಲ, ಮೂರನೆಯ ಸಲ ಅದ್ದುವಷ್ಟರಲ್ಲಿ ಏಣುಗಳ ತುದಿ ಕರಗಿ, ಸುತ್ತುವ ಬೆಳಕು ಮಂಕಾಗುತ್ತದೆ. ಚೆನ್ನಾಗಿ ಜಾಲಾಡಿಸದೆ ಬಿಟ್ಟರೆ ಕೆಲವು ತಿಂಗಳಲ್ಲಿ ಕಂದು ಮಚ್ಚೆ. ಥಯೋಯೂರಿಯ ಕ್ಯಾನ್ಸರ್ ತರಬಹುದೆಂಬ ಶಂಕೆಯೂ ಇರುವುದರಿಂದ ಬರಿಗೈಯಲ್ಲಿ ಮುಟ್ಟಬಾರದು. ತಾಮ್ರದ ನಾಣ್ಯವನ್ನು ಅದರಲ್ಲಿ ಅದ್ದಿದರೆ ಹಸಿಗಾಯದಂಥ ಗುಲಾಬಿ ಬಣ್ಣ ಬರುತ್ತದೆ, ಅದನ್ನು ಮತ್ತೆ ಸರಿಮಾಡುವ ದಾರಿಯಿಲ್ಲ. ರೂಪಾಯಿಗಳಲ್ಲೂ ಎಲ್ಲವೂ ಒಂದೇ ಅಲ್ಲ. 1939ರವರೆಗಿನ ಬ್ರಿಟಿಷ್ ಇಂಡಿಯಾ ರೂಪಾಯಿ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕಿಳಿದು, ಉಳಿದರ್ಧದಲ್ಲಿ ತಾಮ್ರ, ನಿಕ್ಕಲ್, ಸತು ಸೇರಿದವು. 1947ರದ್ದಂತೂ ಪೂರ್ತಿ ನಿಕ್ಕಲ್. ಮೂರಕ್ಕೂ ಒಂದೇ ಬಾಟಲಿ ಎನ್ನುವವರನ್ನು ನಂಬಬೇಡಿ.

ಅಲ್ಯೂಮಿನಿಯಂ ಹಾಳೆ, ಬಿಸಿನೀರು, ಅಡುಗೆ ಸೋಡಾದ ತಂತ್ರ ಇನ್ನೊಂದು. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಮ್ಮಿನ ಕಡೆ ಹೋಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ನೋಡುವುದಕ್ಕೆ ಮಜಾ. ಬೆಳ್ಳಿ ನಷ್ಟವಾಗಲಿಲ್ಲವಲ್ಲ ಎನ್ನುತ್ತಾರೆ. ಹೌದು, ಆದರೆ ಕಪ್ಪಿನೊಳಗಿದ್ದ ಬೆಳ್ಳಿ ಮೊದಲಿದ್ದ ಜಾಗಕ್ಕೆ ಮರಳುವುದಿಲ್ಲ. ಮೈ ಸುಣ್ಣದ ಗೋಡೆಯಂತೆ ಮಂಕಾಗುತ್ತದೆ. ದೀಪದ ಕಂಬಕ್ಕೆ, ಕುಂಕುಮದ ಬಟ್ಟಲಿಗೆ ಈ ಉಪಾಯ ಅಡ್ಡಿಯಿಲ್ಲ.

ಇಷ್ಟಾದರೂ ಬೆಳ್ಳಿಯದು ಸುಖದ ಸಂಸಾರ. ನಿಜವಾದ ಕಷ್ಟ ತಾಮ್ರದ್ದು. ಕನ್ನಡದಲ್ಲಿ ‘ಕಿಲುಬು’ ಎಂಬ ಒಂದೇ ಪದದೊಳಗೆ ಎರಡು ಬೇರೆ ಸಂಗತಿಗಳಿವೆ. ಟಿಪ್ಪುವಿನ ಆನೆ ಪೈಸೆಯ ಮೇಲೋ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸಿನ ಮೇಲೋ ಗಟ್ಟಿಯಾಗಿ, ನಯವಾಗಿ ಕೂತಿರುವ ಕಡುಹಸಿರು ಅಥವಾ ಕಂದು ಪದರ ಲೋಹಕ್ಕೆ ಕವಚ. ಆನೆಯ ಸೊಂಡಿಲು, ಕನ್ನಡ ಅಕ್ಷರ ಎಷ್ಟೋ ಸಲ ಉಳಿದಿರುವುದು ಆ ಪದರದಲ್ಲೇ, ಅದನ್ನು ಕೆರೆದರೆ ಕೆಳಗೆ ಬರೀ ಬಿಲ್ಲೆ. ಇನ್ನೊಂದು ತಿಳಿಹಸಿರು ಪುಡಿ. ಒರೆಸಿದರೆ ಉದುರುತ್ತದೆ, ಎರಡು ವಾರಕ್ಕೆ ಮತ್ತೆ ಬರುತ್ತದೆ. ಇದಕ್ಕೆ ಸಂರಕ್ಷಕರು ‘ಕಂಚಿನ ರೋಗ’ ಎಂಬ ಹೆಸರಿಟ್ಟಿದ್ದಾರೆ. ಮಣ್ಣಿನ ಅಥವಾ ಕಡಲ ಗಾಳಿಯ ಉಪ್ಪಿನಿಂದ ನಾಣ್ಯದ ಒಳಗೆ ತಾಮ್ರದ ಕ್ಲೋರೈಡ್ ಸೇರಿರುತ್ತದೆ. ತೇವವೂ ಗಾಳಿಯೂ ಸಿಕ್ಕಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿಸುತ್ತದೆ, ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಬಡ್ಡಿಗೆ ಬಡ್ಡಿ ಬೆಳೆಯುವ ಸಾಲದ ಹಾಗೆ, ಅಸಲು ಮುಗಿಯುವವರೆಗೂ ನಿಲ್ಲುವುದಿಲ್ಲ.

ಪ್ರಯೋಗಾಲಯಗಳಲ್ಲಿ ಇದಕ್ಕೆ ಸೋಡಿಯಂ ಸೆಸ್ಕ್ವಿಕಾರ್ಬೊನೇಟಿನ ತೆಳು ದ್ರಾವಣದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಸಿ, ನೀರು ಬದಲಿಸುತ್ತಾ ಕ್ಲೋರೈಡನ್ನು ಹೊರಗೆಳೆಯುತ್ತಾರೆ. 1967ರಲ್ಲಿ ಡೆನ್ಮಾರ್ಕಿನ ಸಂರಕ್ಷಕ ಮ್ಯಾಡ್ಸನ್ ಬೆಂಜೊಟ್ರಯಜೋಲ್ ಬಳಕೆಯನ್ನು ಮುಂದಿಟ್ಟರು. ಆಲ್ಕೊಹಾಲಿನಲ್ಲಿ ಸುಮಾರು ನೂರಕ್ಕೆ ಮೂರರಂತೆ ಕರಗಿಸಿದ ಈ ರಾಸಾಯನಿಕ ತಾಮ್ರದೊಡನೆ ಸೇರಿ ತೇವ ಒಳಹೋಗದ ಪದರ ಕಟ್ಟುತ್ತದೆ. ಅದರ ಮೇಲೆ ಪ್ಯಾರಲಾಯ್ಡ್ ಬಿ-72 ಎಂಬ ರಾಳದ ಲೇಪ ಅಥವಾ ಮೈಕ್ರೊಕ್ರಿಸ್ಟಲಿನ್ ಮೇಣ. ಪ್ಯಾರಲಾಯ್ಡ್ ಬೇಡವೆನಿಸಿದ ದಿನ ಅಸಿಟೋನಿನಿಂದ ಕಳಚಬಹುದು. ಮಾಡಿದ್ದನ್ನು ಮುಂದಿನವರು ಬಿಚ್ಚಲು ಸಾಧ್ಯವಾಗಬೇಕು ಎಂಬ ನಿಯಮ ಈ ವೃತ್ತಿಯಲ್ಲಿ ಬಹಳ ಕಟ್ಟುನಿಟ್ಟು. ಬೆಂಜೊಟ್ರಯಜೋಲ್ ವಿಷ. ಅಡುಗೆಮನೆಯ ಕಟ್ಟೆಯ ಮೇಲೆ ಆಡುವ ಆಟ ಅದಲ್ಲ. ಮನೆಯಲ್ಲಿ ನಾವು ಮಾಡಬಹುದಾದದ್ದು ರೋಗಿಯನ್ನು ಬೇರೆ ಡಬ್ಬಿಗೆ ಹಾಕಿ, ಒಣಗಿಸಿ ಇಡುವುದು. ಸುತ್ತಲಿನ ಗಾಳಿಯ ತೇವಾಂಶ ನೂರಕ್ಕೆ 40ರ ಕೆಳಗಿದ್ದರೆ ರೋಗ ಬಹುಮಟ್ಟಿಗೆ ಮಲಗಿಬಿಡುತ್ತದೆ. ಆಷಾಢದ ಉಡುಪಿಯಲ್ಲೋ ಕಾರವಾರದಲ್ಲೋ ಇದು ನಗೆಯ ಮಾತು. ಅದಕ್ಕೇ ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದಿದೆ ಎಂದರ್ಥ, ಪೊಟ್ಟಣ ಬದಲಿಸಬೇಕು.

ತಾಮ್ರಕ್ಕೆ ಕೊಬ್ಬರಿ ಎಣ್ಣೆ ಸವರಿಡುವ ರೂಢಿಯೂ ಇದೆ. ಎಣ್ಣೆಯ ಕೊಬ್ಬಿನ ಆಮ್ಲಗಳು ನಿಧಾನವಾಗಿ ತಾಮ್ರವನ್ನೇ ಹಸಿರು ಸಾಬೂನು ಮಾಡುತ್ತವೆ. ಟೂತ್‌ಪೇಸ್ಟು, ಕೋಲಾಗಳ ಬಗ್ಗೆ ನಾನು ಬರೆಯುವುದಿಲ್ಲ.

ಸೀಸದ ನಾಣ್ಯ ಎಲ್ಲರಿಗೂ ಸಿಗುವಂಥದ್ದಲ್ಲ, ಆದರೂ ಕರ್ನಾಟಕದವರು ಅದನ್ನು ಬಿಟ್ಟು ಮುಂದೆ ಹೋಗಲಾಗದು. ಚಿತ್ರದುರ್ಗದ ಬುಡದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳಿಗೆ ಆ ಜಾಗ ಹೆಸರಾಗಿದೆ, ಮಹಾರಠಿ ಸದಕಣನ ಗೂಳಿಯ ನಾಣ್ಯಗಳು ಅಲ್ಲಿಯವು. ಎರಡು ಸಾವಿರ ವರ್ಷ ಮಣ್ಣಿನಲ್ಲಿ ಉಳಿದ ಸೀಸ ಮರದ ಕಪಾಟಿನಲ್ಲಿ ಸಾಯಬಲ್ಲದು. ಓಕ್‌ನಂಥ ಮರ, ರಟ್ಟು, ಅಂಟು ಬಿಡುವ ಅಸಿಟಿಕ್ ಆಮ್ಲದ ಆವಿ ಸಾಕು, ಅದು ಬಿಳಿ ಪುಡಿಯಾಗುತ್ತದೆ. ತಾಮ್ರಕ್ಕೆ ಒಳ್ಳೆಯದಾದ ಡಿಸ್ಟಿಲ್ಡ್ ವಾಟರ್ ಕೂಡ ಸೀಸವನ್ನು ನಿಧಾನವಾಗಿ ತಿನ್ನುತ್ತದೆ. ಸೀಸದ ಮೇಲೆ ಬಿಳಿ ಕಂಡರೆ ಮನೆಮದ್ದು ಬೇಡ, ಆ ಪುಡಿ ವಿಷ ಬೇರೆ. ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಪ್ರಯೋಗಾಲಯವಿದೆ, ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಕೇಳುವುದಾದರೆ ಅಂಥವರನ್ನು ಕೇಳಬೇಕು.

ಬಂಗಾರಕ್ಕೆ ರೋಗವಿಲ್ಲ. ಹೊಯ್ಸಳರ ‘ತಲಕಾಡುಗೊಂಡ’ ನಾಣ್ಯದ ಕನ್ನಡ ಅಕ್ಷರ, ಕೃಷ್ಣದೇವರಾಯನ ವರಾಹದ ಬಾಲಕೃಷ್ಣ ಇಂದಿಗೂ ಮಿನುಗುತ್ತಿರುವುದು ಅದಕ್ಕೇ. ಆದರೆ ಮೆದು ಲೋಹ, ಬಟ್ಟೆಯೂ ಗೀರಬಲ್ಲದು. ಕಂಠೀರವ ನರಸರಾಜ ಒಡೆಯರ ಕಂಠೀರಾಯ ಹಣ ಅರ್ಧ ಗ್ರಾಮೂ ತೂಗುವುದಿಲ್ಲ. ಅದಕ್ಕೆ ಯಾವ ಆಮ್ಲಕ್ಕಿಂತಲೂ ದೊಡ್ಡ ಅಪಾಯ ಸಿಂಕಿನ ತೂತು.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕಿದ ನಾಣ್ಯದ ಮಾತು ಬೇರೆ. 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಂಥದ್ದನ್ನು ನೀರಿಗೂ ತೋರಿಸಬಾರದು. ಮೆತ್ತಿಕೊಂಡ ಮಣ್ಣಿನಲ್ಲಿ ಅದನ್ನು ಸುತ್ತಿದ್ದ ಬಟ್ಟೆಯ ಎಳೆಯಿರಬಹುದು, ಗಡಿಗೆಯ ಚೂರಿರಬಹುದು.

ಇನ್ನು ಇಡುವ ಜಾಗ. ಸ್ಟೇಷನರಿ ಅಂಗಡಿಯ ಮೆತ್ತನೆಯ ಪಾರದರ್ಶಕ ಆಲ್ಬಮ್ ತೆರೆದರೆ ಹೊಸ ರೈನ್‌ಕೋಟಿನ ವಾಸನೆ ಬರುತ್ತದಲ್ಲ, ಅದು ಪಿವಿಸಿ. ಅದನ್ನು ಮೆದುವಾಗಿಸಲು ಬೆರೆಸಿದ ಎಣ್ಣೆ ವರ್ಷಗಳಲ್ಲಿ ಒಸರುತ್ತದೆ, ಪ್ಲಾಸ್ಟಿಕ್ ಶಿಥಿಲವಾಗುತ್ತ ಆಮ್ಲವೂ ಹೊರಬರುತ್ತದೆ. ನಾಣ್ಯದ ಮೇಲೆ ಹಸಿರು ಅಂಟು ಕಾಣಿಸುತ್ತದೆ. ಬೇಗ ಕಂಡರೆ ಅಸಿಟೋನ್ ಉಳಿಸುತ್ತದೆ, ತಡವಾದರೆ ಲೋಹದಲ್ಲಿ ಕುಳಿ ಬಿದ್ದಿರುತ್ತದೆ. ಅನುಮಾನ ಬಂದರೆ ಹಳೆಯ ಬೈಲ್‌ಸ್ಟೈನ್ ಪರೀಕ್ಷೆ: ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಆಲ್ಬಮ್ಮಿನ ಒಂದು ಚೂರಿಗೆ ತಾಗಿಸಿ, ಮತ್ತೆ ಬೆಂಕಿಗೆ ಹಿಡಿಯುವುದು. ಜ್ವಾಲೆ ಹಸಿರಾದರೆ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆ. ಮನೆಯ ಹೊರಗೆ ಮಾಡಿ, ಹೊಗೆ ಕುಡಿಯಬೇಡಿ. ಮೈಲಾರ್, ಪಾಲಿಪ್ರೊಪಿಲೀನ್ ಪುಟಗಳು ಕೊಂಚ ಗಟ್ಟಿ, ಬೆಲೆಯೂ ಕೊಂಚ ಹೆಚ್ಚು, ಆದರೆ ನಂಬಬಹುದು.

ನಮ್ಮ ಮನೆಯ ಕಳಶದ ರೂಪಾಯಿ ವಿಕ್ಟೋರಿಯಾಳದ್ದು. ಅವಳ ಮೂಗು ಸವೆದು ಕೆನ್ನೆ ಸೇರಿದೆ. ಸಂತೆಯ ಕೈಗಳು ಎಷ್ಟು ಸವೆಸಿದವೋ ನಮ್ಮ ಹುಣಸೆಹಣ್ಣು ಎಷ್ಟು ಸವೆಸಿತೋ ಲೆಕ್ಕ ಬಿಡಿಸಲಾಗದು. ಕಳೆದ ಹಬ್ಬಕ್ಕೆ ಈ ರಸಾಯನಶಾಸ್ತ್ರವನ್ನೆಲ್ಲ ಅಮ್ಮನಿಗೆ ಒಪ್ಪಿಸಿ, “ಈ ಸಲ ಕಪ್ಪಗೇ ಇಟ್ಟುಬಿಡಮ್ಮ” ಎಂದೆ. ಅವಳು ಉಜ್ಜುತ್ತಿದ್ದ ಕೈ ನಿಲ್ಲಿಸಲಿಲ್ಲ.

“ಲಕ್ಷ್ಮಿ ಮುಂದೆ ಯಾರಾದ್ರೂ ಕಪ್ಪು ಹಣ ಇಡ್ತಾರೇನೋ?”