ಎಣ್ಣೆಗೆ ಜರಡಿಯೋ, ಬಟ್ಟೆಯೋ?

ಮನೆಯಲ್ಲಿ ಹಿಟ್ಟನ್ನು ಜರಡಿ ಹಿಡಿಯುವುದೂ, ಪಂಡಿತರು ಔಷಧದ ಪುಡಿಯನ್ನು ವಸ್ತ್ರಗಾಳಿತ ಮಾಡುವುದೂ ತಮಗೆ ತಿಳಿದೇ ಇದೆ. ಎರಡೂ ಸೋಸುವ ಕೆಲಸವೇ. ಫಲ ಮಾತ್ರ ಒಂದೇ ಅಲ್ಲ. ತೊಳೆದು ಮತ್ತೆ ಮತ್ತೆ ಬಳಸುವ ಉಕ್ಕಿನ ಆಯಿಲ್ ಫಿಲ್ಟರನ್ನು ಮೋಟಾರು ಸೈಕಲ್ಲಿಗೆ ಕೊಳ್ಳಬಹುದೇ ಎಂಬುದೂ ಹೆಚ್ಚುಕಡಮೆ ಇದೇ ಪ್ರಶ್ನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೋಟಾರು ಸೈಕಲ್ಲಿನಲ್ಲಿ ಮನೆಮನೆಗೆ ಸಾಮಾನು ತಲುಪಿಸಿ ಸಂಸಾರ ಸಾಗಿಸುತ್ತಾನೆ. “ಒಮ್ಮೆ ಕೊಂಡರೆ ಆಯಿತು, ಮೇಷ್ಟ್ರೇ. ಗಾಡಿ ಇರುವತನಕ ಇದೇ” ಎಂದು ಅಂಥ ಫಿಲ್ಟರೊಂದನ್ನು ತಂದು ತೋರಿಸಿದ. ಅವನ ಉಳಿತಾಯದ ಲೆಕ್ಕ ಎಷ್ಟು ಸರಿಯೆಂದು ನೋಡೋಣ.

ಮೊದಲು ತಮ್ಮ ವಾಹನಕ್ಕೆ ಫಿಲ್ಟರು ಇದೆಯೇ ಎಂದು ವಿಚಾರಿಸಿಕೊಳ್ಳಿ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯ ಇಂಜಿನಿನಲ್ಲಿ ಎಣ್ಣೆ ಪೆಟ್ರೋಲಿನೊಡನೆ ಬೆರೆತು ಉರಿದುಹೋಗುತ್ತಿತ್ತು. ಅಲ್ಲಿ ಸೋಸುವ ಮಾತೇ ಇಲ್ಲ. 1994ರಲ್ಲಿ ಬಂದ ಹೀರೋ ಹೋಂಡಾ ಸ್ಪ್ಲೆಂಡರಿನಲ್ಲಿ ಒಂದು ತಂತಿಯ ಜಾಲರಿಯೂ, ಗಿರಗಿರನೆ ತಿರುಗಿ ಕಸವನ್ನು ಅಂಚಿಗೆ ಎಸೆಯುವ ಬಟ್ಟಲೂ ಉಂಟು. ಅವನ್ನು ತೊಳೆದರೆ ಸಾಕು. ಕಾಗದದ ಫಿಲ್ಟರು ಇರುವ ಗಾಡಿಗಳಿಗೆ ಮಾತ್ರ ನಮ್ಮ ಪ್ರಶ್ನೆ.

ಬಹುಪಾಲು ಮೋಟಾರು ಸೈಕಲ್ಲುಗಳಲ್ಲಿ ಇಂಜಿನಿಗೂ ಗೇರಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಆದಕಾರಣ ಲೋಹದ ಕಣ, ಕ್ಲಚ್ಚಿನ ಪುಡಿ, ಮಸಿ ಎಲ್ಲವೂ ಅದರಲ್ಲಿ ಸೇರುತ್ತವೆ. ಉಕ್ಕಿನ ಜಾಲರಿ ಜರಡಿಯಂತೆ: ಕಣ್ಣಿಗಿಂತ ದೊಡ್ಡದನ್ನು ತಡೆಯುತ್ತದೆ, ಸಣ್ಣದನ್ನು ಬಿಡುತ್ತದೆ. ಕಾಗದವಾದರೋ ವಸ್ತ್ರದಂತೆ, ಅದರ ಹೆಣೆದ ನಾರುಗಳ ನಡುವೆ ಸಣ್ಣ ಕಣಗಳೂ ಹಲವು ಸಿಕ್ಕಿಬೀಳುತ್ತವೆ. ಜಾಲರಿಯಲ್ಲಿ ಎಣ್ಣೆ ಸರಾಗವಾಗಿ ಹರಿಯುವುದು ನಿಜ. ತೊಳೆಯುವಾಗ ಲೋಹದ ಚೂರು ಕಂಡರೆ ಇಂಜಿನಿನ ರೋಗ ಮೊದಲೇ ತಿಳಿಯುವುದೂ ನಿಜವೇ.

ಇನ್ನು ಹಣದ ವಿಚಾರ. ಜಾಲರಿಯ ಬೆಲೆ ಕಾಗದದ್ದಕ್ಕಿಂತ ಹದಿನೈದು ಪಟ್ಟು ಎಂದಿಟ್ಟುಕೊಳ್ಳಿ. ವರ್ಷಕ್ಕೆ 5,000 ಕಿಲೋಮೀಟರು ಓಡಿಸಿ ಒಮ್ಮೆ ಫಿಲ್ಟರು ಬದಲಿಸುವವರಿಗೆ ಹಾಕಿದ ಹಣ ಹಿಂದಿರುಗಲು 15 ವರ್ಷ ಬೇಕು. 20,000 ಕಿಲೋಮೀಟರು ಓಡಿಸಿ ನಾಲ್ಕು ಬಾರಿ ಬದಲಿಸುವವರಿಗೆ ನಾಲ್ಕು ವರ್ಷದೊಳಗೇ ಹಿಂದಿರುಗೀತು. ಸೀಮೆಎಣ್ಣೆಯ ಖರ್ಚೂ ತೊಳೆಯುವ ಶ್ರಮವೂ ಬೇರೆ.

ಹಾಗಾದರೆ ನನ್ನ ವಿದ್ಯಾರ್ಥಿಯ ಲೆಕ್ಕ ಸರಿಯಾಗಿಯೇ ಇತ್ತಲ್ಲವೆ? ಫಿಲ್ಟರಿನ ಮಟ್ಟಿಗೆ ಇತ್ತು. ಆದರೆ ಫಿಲ್ಟರು ಚಿರಂಜೀವಿಯಾದ ಮೇಲೆ ಎಣ್ಣೆಯೂ ಹಾಗೆಯೇ ಎಂದು ಅವನು ಭಾವಿಸಿಬಿಟ್ಟ. ಜಾಲರಿಯನ್ನು ತೊಳೆಯುತ್ತಾ ಹಳೆಯ ಎಣ್ಣೆಯಲ್ಲೇ ಓಡಿಸಿದ. ಎಣ್ಣೆಯಲ್ಲಿ ಕರಗಿದ ಆಮ್ಲವನ್ನೂ, ಕಾದು ಕಾದು ಅದು ಸತ್ವ ಕಳೆದುಕೊಳ್ಳುವುದನ್ನೂ ಯಾವ ಜರಡಿಯೂ ಯಾವ ಬಟ್ಟೆಯೂ ತಡೆಯಲಾರದು. ಕಡೆಗೆ ಇಂಜಿನು ಕಟಕಟ ಎಂದಿತು. ರಿಪೇರಿಗೆ ಒಂದು ತಿಂಗಳ ಸಂಪಾದನೆ ಹೋಯಿತು, ಗಾಡಿಯಿಲ್ಲದೆ ಹತ್ತು ದಿನದ ಕೆಲಸವೂ ಹೋಯಿತು.

ಆದ್ದರಿಂದ ಪೇಟೆಗೆ, ಕಚೇರಿಗೆ ಓಡಾಡುವವರಿಗೆ ಕಾಗದದ ಫಿಲ್ಟರೇ ಸಾಕು, ಅದೇ ಮೇಲು. ಬಹಳ ದೂರ ಓಡಿಸುವವರು, ಸ್ವತಃ ತಾಳ್ಮೆಯಿಂದ ತೊಳೆಯಬಲ್ಲವರು ಜಾಲರಿ ಕೊಳ್ಳಬಹುದು. ಅಂಥವರು ತಂತಿ ಬ್ರಷ್ಷಿನಿಂದ ಉಜ್ಜಬಾರದು; ಪೂರ್ತಿ ಒಣಗಿಸಿ, ಬೆಳಕಿಗೆ ಹಿಡಿದು, ಎಲ್ಲಿಯಾದರೂ ಹರಿದಿದೆಯೇ ಎಂದು ನೋಡಬೇಕು. ತೊಳೆದ ಸೀಮೆಎಣ್ಣೆಯನ್ನು ಚರಂಡಿಗೆ ಚೆಲ್ಲಬಾರದು.

ಯಾವುದನ್ನೇ ಹಾಕಿಸಿ, ಗಾಡಿಯ ಕೈಪಿಡಿ ಹೇಳಿದ ಗಡುವಿಗೆ ಎಣ್ಣೆಯನ್ನಂತೂ ತಪ್ಪದೆ ಬದಲಿಸಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಇಂಜಿನಿಗೂ ಸಲ್ಲುತ್ತದೆ.