ಗಾಡಿ ಓಡಿಸಿ ನೋಡುವುದು ಅಪನಂಬಿಕೆಯಲ್ಲ

ನಮ್ಮ ಮನೆಗಳಲ್ಲಿ ಹಳೆ ಗಾಡಿಯ ವ್ಯಾಪಾರ ಹೆಚ್ಚಾಗಿ ಪರಿಚಯದ ಮೇಲೆಯೇ ನಡೆಯುವುದು. ಮದುವೆ ಹಾಲ್‌ನಲ್ಲಿ ಒಂದು ಮಾತು, ಜುಮಾ ಮುಗಿಸಿ ಹೊರಬರುವಾಗ ಗೇಟಿನ ಹತ್ತಿರ ಇನ್ನೊಂದು ಮಾತು, ಅಷ್ಟರಲ್ಲಿ ಮುಂಗಡ ಕೈಬದಲಾಗಿರುತ್ತದೆ. ಗಲ್ಫಿನಿಂದ ತಿಂಗಳ ರಜೆಯಲ್ಲಿ ಬಂದವರಿಗಂತೂ ಅವಸರವೋ ಅವಸರ. 'ನಮ್ಮ ಕಾಕನ ಗಾಡಿ, ಅದನ್ನು ಎಂತ ಪರೀಕ್ಷೆ ಮಾಡುವುದು?' ಎಂಬ ಸಂಕೋಚ ಬೇರೆ. ಆರು ತಿಂಗಳ ನಂತರ ಇಂಜಿನ್ ಕೈಕೊಟ್ಟಾಗ ಹೋಗುವುದು ಹಣ ಮಾತ್ರವಲ್ಲ, ಕಾಕನ ಜೊತೆ ಸಲಾಮೂ ನಿಂತುಹೋಗುತ್ತದೆ.

ಈಗ ನಮ್ಮ ಯುವಕರ ಕಣ್ಣು ಬಿದ್ದಿರುವುದು ಮೇಲಿನ ಟಾಪ್ ಮಡಚುವ ಡೀಸೆಲ್ ಗಾಡಿಯ ಮೇಲೆ. ನಮ್ಮ ರಸ್ತೆಗಳಲ್ಲಿ ಹಾಗೆಂದರೆ ಹೆಚ್ಚಾಗಿ 2020ರಲ್ಲಿ ಬಂದ ಮಹೀಂದ್ರಾ ಥಾರ್‌ನ ಬಟ್ಟೆ ಟಾಪಿನ ಮಾದರಿ. ಉದ್ದ ನಾಲ್ಕು ಮೀಟರ್‌ನ ಒಳಗೆ, ಇಂಜಿನ್ 2.2 ಲೀಟರ್ ಡೀಸೆಲ್, ನಾಲ್ಕೂ ಚಕ್ರಕ್ಕೆ ಶಕ್ತಿ. ನೋಡಲು ಚಂದ ಉಂಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಅರ್ಧ ದಿನ ಕೊಟ್ಟು ನೋಡಬೇಕಾದ ಗಾಡಿ ಇದು. ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು, ತಣ್ಣಗಿನ ಇಂಜಿನ್. ಬೆಳಗ್ಗೆಯೇ ಹೋಗಿ. 'ಸ್ಟಾರ್ಟ್ ಮಾಡಿ ಇಡಬೇಡಿ' ಎಂದು ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿಯಾದ ಡೀಸೆಲ್ ಇಂಜಿನ್ ತನ್ನ ರೋಗವನ್ನು ಅಡಗಿಸುತ್ತದೆ. ಕೀ ತಿರುಗಿಸಿದಾಗ ಎಚ್ಚರಿಕೆಯ ದೀಪಗಳೆಲ್ಲ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತದೇ ಇದ್ದರೂ ಸಂಶಯಪಡಿ, ಬಲ್ಬನ್ನೇ ತೆಗೆದಿರಬಹುದು. ಒಬ್ಬರನ್ನು ಹಿಂದೆ ನಿಲ್ಲಿಸಿ ಹೊಗೆ ನೋಡಲು ಹೇಳಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪು ಹೊಗೆಯಾದರೆ ಇಂಜೆಕ್ಟರ್, ಟರ್ಬೊ ಅಥವಾ ಏರ್ ಫಿಲ್ಟರ್ ಕಡೆಯ ತಕರಾರು. ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು.

ಎರಡನೆಯದು, ಏರು ಮತ್ತು ಹೆದ್ದಾರಿ. ನಮ್ಮ ಮಂಗಳೂರಿನಲ್ಲಿ ಏರಿಗೆ ಬರವಿಲ್ಲ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹತ್ತುವಾಗ ನಿಲ್ಲಿಸಿ ಮತ್ತೆ ಹೊರಡಿ. ಕ್ಲಚ್ ಜಾರುತ್ತದೆಯಾ, ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯಾ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮತ್ತೆ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹೋಗಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರ ಮಸಿ ಉರಿದುಹೋಗಲು ದೂರದ ಓಟದ ಬಿಸಿ ಬೇಕು. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಎಂದು ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡಿದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. 'ಗಾಡಿ ಓಡಿದ್ದೇ ಕಡಿಮೆ' ಎಂಬ ಮಾತು ಡೀಸೆಲ್ ವಿಷಯದಲ್ಲಿ ಯಾವಾಗಲೂ ಹೊಗಳಿಕೆಯಲ್ಲ. ಇದು ನಿಮಗೂ ಅನ್ವಯ: ನಿಮ್ಮ ದಿನದ ಓಟವೂ ಅಷ್ಟೇ ಆದರೆ ಡೀಸೆಲ್ ಬೇಕಾ ಎಂದು ಮತ್ತೊಮ್ಮೆ ಯೋಚಿಸಿ.

ಫೋರ್ ವೀಲ್ ಗೇರನ್ನು ಮಣ್ಣಿನ ಮೈದಾನದಲ್ಲಿ ಹಾಕಿ ನೋಡಿ, ಒಣ ಡಾಮರಿನ ಮೇಲೆ ಬೇಡ. ಗಾಡಿಯ ಅಡಿಗೆ ಬಗ್ಗಿ ನೋಡುವುದನ್ನು ಮರೆಯಬೇಡಿ. ಸಮುದ್ರ ಬದಿಯ ಹೊಯಿಗೆಯಲ್ಲಿ ಆಟ ಆಡಿಸಿ ತೊಳೆಯದೆ ಬಿಟ್ಟ ಗಾಡಿಯಾದರೆ ಉಪ್ಪು ತಿಂದ ತುಕ್ಕು ಅಡಿಯಲ್ಲೇ ಕಾಣುತ್ತದೆ.

ಮೂರನೆಯದು, ಟಾಪ್. ಮಾರುವವರು ಮಡಚಿ ತೋರಿಸಿದರೆ ಸಾಲದು. ನೀವೇ ಬಿಚ್ಚಿ, ಮಡಚಿ, ಮತ್ತೆ ಹಾಕಿ. ಕೊಕ್ಕೆ, ಜಿಪ್ ಸರಿಯಾಗಿ ಕೂರಬೇಕು, ಬಟ್ಟೆ ಮಡಿಕೆಯಲ್ಲಿ ಹರಿದಿರಬಾರದು. ಡಿಸೆಂಬರ್‌ನಲ್ಲಿ ನೋಡಿ ಖುಷಿಪಟ್ಟವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯನ್ನು ನೆನಪಿಟ್ಟುಕೊಳ್ಳಬೇಕು. ಟಾಪ್ ಹಾಕಿ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ಮತ್ತೆ ಒಳಗೆ ಕೈಹಾಕಿ ಮ್ಯಾಟಿನ ಅಡಿ ಮುಟ್ಟಿ. ಬೂಷ್ಟಿನ ವಾಸನೆ ಬಂದರೆ ಹಿಂದಿನ ಮಳೆಗಾಲದ ಕತೆ ಅಲ್ಲೇ ಉಂಟು. ಹೆದ್ದಾರಿಯಲ್ಲಿ ಬಟ್ಟೆ ಪಟಪಟ ಬಡಿಯುವ ಶಬ್ದವೂ ನಿಮಗೆ ಆಗುತ್ತದೆಯಾ ಇಲ್ಲವಾ ಎಂದು ಕೇಳಿ ತಿಳಿದುಕೊಳ್ಳಿ.

ನಾಲ್ಕನೆಯದು, ಮನೆಯವರು. ನಮ್ಮಲ್ಲಿ ಗಾಡಿ ನೋಡಲು ಹೋಗುವುದು ಗಂಡಸರು ಮಾತ್ರ, ಕೂರುವುದು ಎಲ್ಲರೂ. ಇದರಲ್ಲಿ ಬದಿಗೆ ಇರುವುದು ಎರಡೇ ಬಾಗಿಲು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಬಗ್ಗಿಸಿ, ಎತ್ತರಕ್ಕೆ ಕಾಲಿಟ್ಟು ನುಸುಳಬೇಕು. ಮಂಡಿನೋವಿನ ಉಮ್ಮ ಇದನ್ನು ಹತ್ತುತ್ತಾರಾ? ಬುರ್ಖಾ ಹಾಕಿದ ಹೆಣ್ಮಕ್ಕಳಿಗೆ ಮಗುವನ್ನು ಎತ್ತಿಕೊಂಡು ಇಳಿಯಲು ಆಗುತ್ತದಾ? ಕರೆದುಕೊಂಡು ಹೋಗಿ, ಕೂರಿಸಿ, ಕೇಳಿ. ಅವರು 'ಬೇಡ' ಎಂದರೆ ಅದೂ ಟೆಸ್ಟ್ ಡ್ರೈವ್‌ನ ಫಲಿತಾಂಶವೇ.

ಓಡಿಸುವವರಿಗೆ ಲೈಸೆನ್ಸ್, ಗಾಡಿಗೆ ಚಾಲ್ತಿಯಲ್ಲಿರುವ ಇನ್ಶೂರೆನ್ಸ್ ಇರಲೇಬೇಕು. 'ಒಂದು ರೌಂಡ್ ಹೊಡೆಯಲಿ ಬಿಡಿ' ಎಂದು ಹದಿನೇಳರ ಹುಡುಗನ ಕೈಗೆ ಕೀ ಕೊಡಬೇಡಿ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಓಡಿಸಿ ಒಪ್ಪಿಗೆಯಾದ ಮೇಲೆ ನಿಮ್ಮ ನಂಬಿಕೆಯ ಮೆಕ್ಯಾನಿಕ್‌ನಿಂದ ಸ್ಕ್ಯಾನರ್ ಹಾಕಿಸಿ, ಸರ್ವಿಸ್ ದಾಖಲೆ ತರಿಸಿ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಇದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಇಲ್ಲದೆ ಮುಂದೆ ಹೋಗಬೇಡಿ. ಕಾಸರಗೋಡು ಕಡೆಯ ಕೇರಳ ನಂಬರಿನ ಗಾಡಿ ಕಡಿಮೆಗೆ ಸಿಕ್ಕಿತು ಎಂದು ಹಿಗ್ಗುವ ಮೊದಲು, ಅಲ್ಲಿಯ ಎನ್‌ಒಸಿ ಮತ್ತು ಇಲ್ಲಿಯ ತೆರಿಗೆಯ ಲೆಕ್ಕ ಹಾಕಿ. ಫಾರ್ಮ್ 29 ಮತ್ತು 30ಕ್ಕೆ ಸಹಿ ಆಗಿ ಆರ್‌ಸಿ ಹೆಸರು ಬದಲಾಗುವವರೆಗೆ ವ್ಯಾಪಾರ ಮುಗಿದಿಲ್ಲ ಎಂದೇ ತಿಳಿಯಿರಿ. ಮುಂಗಡ ಕೊಟ್ಟರೆ ಬರೆದು ಕೊಡಿ, ಬರೆಸಿಕೊಳ್ಳಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್-ಬಕರ ಸೂರದ 282ನೇ ಆಯತ್ ನಮಗೆ ಕಲಿಸಿದೆ. ಅಲ್ಲಿ ಸ್ವಂತದವರಿಗೆ ರಿಯಾಯಿತಿ ಇಲ್ಲ.

ಇನ್ನು ಮಾರುವವರಿಗೆ ಒಂದು ಮಾತು. ಮದೀನಾದ ಮಾರುಕಟ್ಟೆಯ ಆ ಘಟನೆ ನಮಗೆಲ್ಲ ಮದ್ರಸದಿಂದಲೇ ಗೊತ್ತು. ಪ್ರವಾದಿ (ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂಬುದೇ ಪ್ರವಾದಿಯವರ ಉತ್ತರವಾಗಿತ್ತು. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ, ಅಡಗಿಸಿದ್ದು ತಪ್ಪು. ಹಾಗೆಯೇ ಟಾಪ್ ಸೋರುವುದು ಮಾರುವವರ ತಪ್ಪಲ್ಲ, ಹೇಳದೆ ಇರುವುದು ತಪ್ಪು. ಅಡಗಿಸಿದ ಐಬು ಆಮೇಲೆ ಹೊರಬಿದ್ದರೆ ಮಾಲನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗೆ ಉಂಟು ಎಂದು ನಮ್ಮ ಫಿಕ್‌ಹ್ ಹೇಳುತ್ತದೆ.

ರಾಶಿಯೊಳಗೆ ಕೈ ಹಾಕಿ ನೋಡುವುದು ವ್ಯಾಪಾರಿಗೆ ಮಾಡಿದ ಅವಮಾನ ಆಗಲಿಲ್ಲ ಅಲ್ವಾ? ಹಾಗಿರುವಾಗ ಕಾಕನ ಗಾಡಿಯನ್ನು ಏರಿಗೆ ಹತ್ತಿಸಿ ನೋಡುವುದು ಹೇಗೆ ಅವಮಾನ ಆಗುತ್ತದೆ ಮಾರಾಯ್ರೆ? 'ಕಾಕ, ಒಮ್ಮೆ ಓಡಿಸಿ ನೋಡ್ತೇನೆ, ಮೆಕ್ಯಾನಿಕ್‌ಗೂ ತೋರಿಸ್ತೇನೆ' ಎಂದು ಮುಖ ನೋಡಿ ಕೇಳಿ. ಐಬು ಇದ್ದರೆ ಅವರೇ ಹೇಳಲಿ, ಅದಕ್ಕೆ ತಕ್ಕಂತೆ ಬೆಲೆ ಇಳಿಯಲಿ. ಆಗ ಗಾಡಿಯಲ್ಲೂ ಬರ್ಕತ್ ಇರುತ್ತದೆ, ಮುಂದಿನ ಪೆರ್ನಾಳಿಗೆ ಕಾಕನ ಮನೆಗೆ ಅದೇ ಗಾಡಿಯಲ್ಲಿ ಹೋಗಲೂ ಆಗುತ್ತದೆ.