ಜಾವಾ ಮಾರಿದ ಮೇಲೂ ಮಾಲೀಕರು ನೀವೇ

"ಈ ದಿನ ಸಂಜೆ 4.30ರವರೆಗೆ ಸದರಿ ವಾಹನದ ಮೇಲಿನ ಕೇಸು, ಅಪಘಾತ, ತೆರಿಗೆ ಬಾಕಿ ಎಲ್ಲವೂ ಮಾರಿದವರಿಗೆ ಸೇರಿದ್ದು. ಆನಂತರದ್ದು ಕೊಂಡವರಿಗೆ ಸೇರಿದ್ದು."

ಹಳೇ ಗಾಡಿ ಕೊಟ್ಟು ತೆಗೆದುಕೊಂಡು ಮಾಡುವವರಿಗೆ ಈ ವಾಕ್ಯ ಬಾಯಿಪಾಠ. ಡೆಲಿವರಿ ನೋಟ್ ಅಂತ ಇದರ ಹೆಸರು. ಕೆಲವರು ಬಿಳಿ ಹಾಳೆಯಲ್ಲಿ ಬರೆಸುತ್ತಾರೆ, ಜಾಗ್ರತೆಯವರು ಛಾಪಾ ಕಾಗದ ತರುತ್ತಾರೆ, ಅತಿ ಜಾಗ್ರತೆಯವರು ನೋಟರಿ ಸೀಲು ಹಾಕಿಸುತ್ತಾರೆ. ಗಂಟೆ ಬರೆಯುವಾಗ ನೆರೆದವರೆಲ್ಲ ಮೊಬೈಲ್ ತೆಗೆದು ಟೈಮ್ ನೋಡುತ್ತಾರೆ, ಧಾರೆ ಮುಹೂರ್ತ ಮೀರಿಹೋದೀತು ಎನ್ನುವ ಹಾಗೆ. 4.30ಕ್ಕೆ ಕೈಬಿಟ್ಟ ಗಾಡಿ 4.40ಕ್ಕೆ ಯಾರಿಗಾದರೂ ಗುದ್ದಿದರೆ ನ್ಯಾಯಾಧೀಶರು ಈ ಹಾಳೆ ನೋಡಿ "ಇವರದೇನೂ ಇಲ್ಲ, ಮನೆಗೆ ಹೋಗಲಿ" ಅನ್ನುತ್ತಾರೆ ಎಂಬುದು ನಂಬಿಕೆ.

ಅನ್ನುವುದಿಲ್ಲ.

ಈ ನಂಬಿಕೆ ಎಲ್ಲ ಕಡೆ ಇದೆ. ಆದರೆ ಜಾವಾ, ಯೆಜ್ಡಿ ಹುಚ್ಚಿನವರಲ್ಲಿ ಅದನ್ನು ಕಂಡಾಗ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಇವರೇನು ದಡ್ಡರಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಿದ್ದ ಗಾಡಿಗಳನ್ನು ಇವತ್ತಿಗೂ ಓಡುವಂತೆ ಇಟ್ಟುಕೊಂಡಿರುವವರು ಇವರೇ. ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಸೇರಿದಾಗ ನೋಡಬೇಕು: ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ಹುಡುಕುತ್ತಾರೆ, ಕಾರ್ಬುರೇಟರ್ ಜಿಕೋವ್‌ದೋ ಆಮೇಲೆ ಕೂರಿಸಿದ್ದೋ ಅಂತ ಬಗ್ಗಿ ನೋಡುತ್ತಾರೆ, ಸೈಲೆನ್ಸರ್ ಒರಿಜಿನಲ್ಲೋ ಲೋಕಲ್ಲೋ ಎಂದು ತಟ್ಟಿ ಹೇಳುತ್ತಾರೆ. ಒಂದು ಹೆಡ್‌ಲೈಟ್ ರಿಂಗಿಗೆ ಅರ್ಧ ಗಂಟೆ ವಾದ. ಅದೇ ಮನುಷ್ಯ ಕಾಗದದ ಮಾತು ಬಂದ ಕೂಡಲೇ, "ನಮ್ ಹುಡ್ಗ ತಾನೆ ಸಾರ್, ಫಾರಂ 29-30 ಸೈನ್ ಮಾಡ್ಕೊಟ್ಬಿಟ್ಟಿದೀನಿ, ಆಮೇಲೆ ಮಾಡಿಸ್ಕೋತಾನೆ" ಎಂದು ಕೀ ಕೊಟ್ಟು ಕಾಫಿಗೆ ಹೊರಡುತ್ತಾನೆ.

ಈಗ ಸತ್ಯ ಏನು ನೋಡೋಣ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(30)ರ ಪ್ರಕಾರ, ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಅದರ ಮಾಲೀಕರು. ದುಡ್ಡು ಕೈ ಸೇರಿತೇ, ಗಾಡಿ ಯಾರ ಶೆಡ್ಡಿನಲ್ಲಿದೆ, ನೋಟರಿ ಸೀಲು ಎಷ್ಟು ದಪ್ಪಗಿದೆ ಎಂದು ಅಪಘಾತ ಪರಿಹಾರದ ಲೆಕ್ಕದಲ್ಲಿ ಕಾಯ್ದೆ ಕೇಳುವುದಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣವನ್ನು ಪ್ರತಿಯೊಬ್ಬ ಹಳೇ ಗಾಡಿ ಮಾರಾಟಗಾರನೂ ತಿಳಿದಿರಬೇಕು. ಒಬ್ಬರು 2007ರಲ್ಲಿ ತಮ್ಮ ವಾಹನ ಮಾರಿದರು. ಕೊಂಡವರು ಇನ್ನೊಬ್ಬರಿಗೆ ಮಾರಿದರು, ಅವರು ಮತ್ತೊಬ್ಬರಿಗೆ. ಯಾರೂ ಹೆಸರು ಬದಲಾಯಿಸಲಿಲ್ಲ. 2009ರಲ್ಲಿ ಅಪಘಾತವಾಯಿತು, ಒಂದು ಜೀವ ಹೋಯಿತು. ಹೈಕೋರ್ಟ್ ಕೊನೆಗೆ ವಾಹನ ಇಟ್ಟುಕೊಂಡಿದ್ದವರ ತಲೆಗೆ ಪರಿಹಾರ ಕಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ, ಎರಡು ವರ್ಷದ ಹಿಂದೆಯೇ ವಾಹನ ಮಾರಿಯಾಗಿದ್ದ, ಆದರೆ ದಾಖಲೆಯಲ್ಲಿ ಹೆಸರು ಉಳಿದಿದ್ದ ಆ ಮೊದಲಿನವರೇ ಹೊಣೆ ಎಂದಿತು. ಪೆಟ್ಟು ತಿಂದವರು ಯಾರು ಯಾರಿಗೆ ಮಾರಿದರು ಎಂದು ಹುಡುಕಿಕೊಂಡು ಅಲೆಯಬೇಕಾಗಿಲ್ಲ ಎಂಬುದು ಕೋರ್ಟಿನ ತರ್ಕ. 2011ರಲ್ಲೂ ಅದೇ ನ್ಯಾಯಾಲಯ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು.

ಹಾಗಾದರೆ ಡೆಲಿವರಿ ನೋಟ್ ಬರೀ ಕಸವೇ? ಅಲ್ಲ. ಅದು ಮಾರಿದವನ ಮತ್ತು ಕೊಂಡವನ ನಡುವಿನ ಕರಾರು. ಪೊಲೀಸರು ಬಂದು ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವರು ಯಾರು ಎಂದು ಕೇಳಿದರೆ ತೋರಿಸಲಿಕ್ಕೆ ಬರುತ್ತದೆ. ನೀವು ಕಟ್ಟಿದ ಪರಿಹಾರವನ್ನು ಕೊಂಡವನಿಂದ ವಸೂಲು ಮಾಡಲು ದಾವೆ ಹೂಡಿದರೆ ಅಲ್ಲೂ ಸಾಕ್ಷಿಯಾದೀತು. ಆದರೆ ರಸ್ತೆ ದಾಟುತ್ತಿದ್ದು ಕಾಲು ಮುರಿದುಕೊಂಡ ಮೂರನೆಯವನು ಆ ಕಾಗದಕ್ಕೆ ಸಹಿ ಹಾಕಿಲ್ಲ. ನಿಮ್ಮಿಬ್ಬರ ಒಪ್ಪಂದಕ್ಕೆ ಅವನು ಯಾಕೆ ಬದ್ಧನಾಗಬೇಕು? ಇಷ್ಟು ಸರಳವಾದದ್ದು ಇಪ್ಪತ್ತು ವರ್ಷ ಗಾಡಿ ಓಡಿಸಿದವರ ತಲೆಗೂ ಹೋಗುವುದಿಲ್ಲ.

"ಇನ್ಶೂರೆನ್ಸ್ ಇದೆಯಲ್ಲ ಸಾರ್" ಅನ್ನುತ್ತಾರೆ. ಇದ್ದರೆ ಒಳ್ಳೆಯದು. ಪಾಲಿಸಿ ಚಾಲ್ತಿಯಲ್ಲಿದ್ದರೆ ಮೂರನೆಯವರಿಗೆ ಆದ ನಷ್ಟವನ್ನು ಕಂಪನಿ ನೋಡಿಕೊಂಡೀತು. ಅದು ಮುಗಿದ ಮೇಲೆ? ನಿಮ್ಮ ಹೆಸರಿನಲ್ಲೇ ಆರ್‌ಸಿ ಇರುವ ಗಾಡಿಗೆ ಕೊಂಡವನು ಮುಂದಿನ ವರ್ಷ ಪಾಲಿಸಿ ಕಟ್ಟಿದನೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗಬೇಕು? ಭಾನುವಾರ ಬೆಳಗ್ಗೆ ಮಾತ್ರ ಆಚೆ ತೆಗೆಯುವ ಗಾಡಿಗೆ ಇನ್ಶೂರೆನ್ಸ್ ಯಾಕೆ ಎಂದು ಕೇಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಸಿಗ್ನಲ್‌ನಲ್ಲಿ ಹೆಲ್ಮೆಟ್ ಇಲ್ಲದೆ ಕ್ಯಾಮೆರಾಕ್ಕೆ ಸಿಕ್ಕಿಬಿದ್ದರೆ ನೋಟಿಸು ಬರುವುದೂ ನಿಮಗೇ. ಎಂದೋ ಮಾರಿದ ಯೆಜ್ಡಿ ರೋಡ್‌ಕಿಂಗ್ ಯಾವ ರಸ್ತೆಯಲ್ಲಿ ತಿರುಗುತ್ತಿದೆ ಎಂದು ಟ್ರಾಫಿಕ್ ಪೊಲೀಸರೇ ಫೋಟೋ ಸಮೇತ ತಿಳಿಸುತ್ತಾರೆ.

ಇನ್ನೊಂದು ವಿಚಾರ. ಹೆಸರು ಬದಲಾವಣೆ ಕೊಂಡವನ ಕೆಲಸ ಎಂದು ಮಾರಿದವರು ಕೈ ತೊಳೆದುಕೊಳ್ಳುತ್ತಾರಲ್ಲ, ಅದೂ ತಪ್ಪೇ. ಸೆಕ್ಷನ್ 50ರಲ್ಲಿ ಮೊದಲು ಬರುವುದು ಮಾರಿದವನ ಕರ್ತವ್ಯ: ಅದೇ ರಾಜ್ಯದೊಳಗಾದರೆ 14 ದಿನದಲ್ಲಿ, ಹೊರ ರಾಜ್ಯಕ್ಕಾದರೆ ಎನ್‌ಒಸಿ ಸಮೇತ 45 ದಿನದಲ್ಲಿ ಆರ್‌ಟಿಒಗೆ ವರದಿ ಮಾಡಬೇಕು. ಕೊಂಡವನಿಗೆ 30 ದಿನ. 29ನೇ ನಮೂನೆ ಇರುವುದೇ ಈ ವರದಿಗೆ. ಅದನ್ನು ಖಾಲಿ ಬಿಟ್ಟು ಸಹಿ ಮಾಡಿ ಕೊಟ್ಟರೆ ಕೊಂಡವನ ಹೆಸರಿನ ಜಾಗದಲ್ಲಿ ಯಾರ ಹೆಸರನ್ನು ಬೇಕಾದರೂ, ಯಾವಾಗ ಬೇಕಾದರೂ ಬರೆಯಬಹುದು. ಗಾಡಿ ತಿರುಗಿಸಿ ಮಾರಿ ಲಾಭ ಮಾಡುವವರು "ಫಾರಂ ಓಪನ್ ಇರ್ಲಿ ಅಣ್ಣಾ" ಅನ್ನುವುದು ಇದಕ್ಕೇ. ಅವರ ಹೆಸರು ದಾಖಲೆಯಲ್ಲಿ ಎಲ್ಲೂ ಬರುವುದಿಲ್ಲ, ನಿಮ್ಮದು ಮಾತ್ರ ಇರುತ್ತದೆ. ತೀರಿಕೊಂಡ ಅಪ್ಪನ ಹೆಸರಿನಲ್ಲೇ ಆರ್‌ಸಿ ಇಟ್ಟುಕೊಂಡು, ಅಪ್ಪನ ಸಹಿಯನ್ನು ತಾವೇ ಹಾಕಿ ಮಾರುವವರೂ ಇದ್ದಾರೆ. ಅದಕ್ಕೆ 31ನೇ ನಮೂನೆ ಅಂತ ಬೇರೆಯೇ ಇದೆ; ಸ್ವರ್ಗಸ್ಥರ ಕೈಯಲ್ಲಿ ಸಹಿ ಮಾಡಿಸುವ ಕಷ್ಟ ಬೇಡ.

ಫೋಟೋ ನೋಡಿ ಬೆಲೆ ಹೇಳುವವರ ನಂಬಿಕೆ ಬೇರೆ: ಹೊಸ ಪೇಂಟು, ಹೊಸ ಕ್ರೋಮು ಹಾಕಿಸಿದರೆ ರೇಟು ಏರುತ್ತದೆ ಅಂತ. ಹೊಸಬರ ಹತ್ತಿರ ಏರಬಹುದು. ತಿಳಿದವನು ಬಣ್ಣ ಮಾಸಿದರೂ ಕಾರ್ಖಾನೆಯ ಗೆರೆ ಉಳಿದಿರುವ ಟ್ಯಾಂಕಿಗೇ ಕೈ ಚಾಚುತ್ತಾನೆ. ಇದಕ್ಕೂ ಮೇಲಿನ ಕಥೆಗೂ ಸಂಬಂಧವಿದೆ. ಆರ್‌ಟಿಒ ಕಾಗದಕ್ಕೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ನಂಬರಿನ ಮೇಲೆ ಹಾಳೆ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಬಿಳಿಯಾಗಿ ಮೂಡಬೇಕು. ಚೌಕಟ್ಟಿಗೆ ಪುಟ್ಟಿ ಮೆತ್ತಿ, ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಪೇಂಟು ಬಳಿದಿದ್ದರೆ ಹಾಳೆಯ ಮೇಲೆ ಬರೀ ಕಪ್ಪು. ಅಂಕಿ ಕಾಣದಿದ್ದರೆ ಇನ್‌ಸ್ಪೆಕ್ಟರಿಗೆ ಅನುಮಾನ, ಅನುಮಾನ ಬಂದರೆ ಕಡತ ಬದಿಗೆ. ಎಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ಬರೆಸದಿದ್ದರೂ ಇದೇ ಗತಿ. ಆದ್ದರಿಂದ ರೇಟಿನ ಮಾತಿಗೆ ಮುಂಚೆ ಎರಡೂ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಹಾರ್ನ್ ಆಮೇಲೆ ನೋಡಿದರಾಯಿತು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಎಂಬ ಗಲಾಟೆ ದೆಹಲಿ ಸುತ್ತಮುತ್ತಲಿನದು. ಕರ್ನಾಟಕದಲ್ಲಿ ಮರು ನೋಂದಣಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು. ಯಾದವಗಿರಿಯ ಕೊನೆಯ ಗಾಡಿಗೂ ಹದಿನೈದು ತುಂಬಿದ್ದು 2011ರ ಸುಮಾರಿಗೆ. ಅಲ್ಲಿಂದೀಚೆಗೆ ನವೀಕರಣವಾಗದ ಆರ್‌ಸಿ ಹಿಡಿದುಕೊಂಡು "ಪೇಪರ್ಸ್ ಎಲ್ಲಾ ಕ್ಲಿಯರ್" ಅನ್ನಬೇಡಿ. ಹಳೇ ಗಾಡಿಗೆ "ವಿಎ" ಪ್ಲೇಟು ಕಡ್ಡಾಯ ಎಂಬುದೂ ಸುಳ್ಳು. 2021ರ ವಿಂಟೇಜ್ ನಿಯಮ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ವಾಹನಗಳದ್ದು. ಹಾಗೆ ನೋಂದಾಯಿಸಿದರೆ ದಿನಾ ಆಫೀಸಿಗೆ ಓಡಿಸುವಂತಿಲ್ಲ. ಒಂದೇ ಕಿಕ್ಕಿಗೆ ಸ್ಟಾರ್ಟ್ ಆದರೆ ಎಂಜಿನ್ ಗಟ್ಟಿ ಎನ್ನುವವರು ನೀವು ಬರುವ ಮೊದಲೇ ಅದನ್ನು ಬಿಸಿ ಮಾಡಿಟ್ಟಿದ್ದರೇ ಎಂದು ಕೈಯಿಟ್ಟು ನೋಡಿ. ಮತ್ತೆ, ಎರಡು ಸೈಲೆನ್ಸರ್ ಇದೆ ಅಂತ ಯೆಜ್ಡಿ 250 ಡಬಲ್ ಸಿಲಿಂಡರ್ ಆಗುವುದಿಲ್ಲ ಸ್ವಾಮಿ, ಅದರದು ಒಂದೇ ಸಿಲಿಂಡರ್.

ನನಗೆ ಸಿಟ್ಟು ಬರುವುದು ಗಾಡಿಗಿಂತ ಸೀಲಿನ ಮೇಲಿನ ಈ ಭಕ್ತಿ ಕಂಡು. ನಮ್ಮ ಜನಕ್ಕೆ ಛಾಪಾ ಕಾಗದದ ಮೇಲೆ ಬರೆದದ್ದೆಲ್ಲ ಕಾನೂನು. ಜಿಪಿಎ ಬರೆಸಿಕೊಂಡು ಸೈಟು ಕೊಂಡೆ ಎಂದು ಬೀಗಿದವರಿಗೆ ಅದರಿಂದ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಜಿಪಿಎ ಸೈಟಿನ ಮಾತು ನಿಂತಿಲ್ಲ. ಯಾರೋ ಹೇಳಿದರು, ಇನ್ಯಾರೋ ಹಾಗೇ ಮಾಡಿದರು, ಏನೂ ಆಗಲಿಲ್ಲ, ಆದ್ದರಿಂದ ಸರಿಯೇ ಇರಬೇಕು ಎಂಬ ಲೆಕ್ಕ. ಏನೂ ಆಗದಿದ್ದುದು ಕಾಗದದ ಬಲದಿಂದಲ್ಲ. ಅವರ ಗಾಡಿ ಯಾರಿಗೂ ಗುದ್ದಲಿಲ್ಲ, ಅಷ್ಟೇ. ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ ಸ್ಥಿತಿ ಹೇಳಬಲ್ಲ ಮನುಷ್ಯನಿಗೆ ಎರಡು ಸೆಕ್ಷನ್ ಓದಲು ಏನು ಕಷ್ಟವೋ ನಾ ಕಾಣೆ.

ಸ್ನೇಹಿತನಿಗೇ ಮಾರಿ, ಬೇಡ ಎಂದವರಾರು? ಚೆನ್ನಾಗಿ ನೋಡಿಕೊಳ್ಳುವವನ ಕೈಗೆ ಹೋಗಲಿ ಎಂಬ ಆಸೆ ಎಲ್ಲರದ್ದೂ. ಆದರೆ ದುಡ್ಡು ಎಣಿಸುವ ದಿನವೇ ಇಬ್ಬರೂ ಕೂತು ಪರಿವಾಹನ್ ವೆಬ್‌ಸೈಟಿನಲ್ಲಿ ವರ್ಗಾವಣೆ ಅರ್ಜಿ ಹಾಕಿ. ಹಳೇ ಪುಸ್ತಕದ ಆರ್‌ಸಿ ಕಂಪ್ಯೂಟರಿಗೆ ಏರಿಲ್ಲದಿದ್ದರೆ ಮೊದಲು ಅದನ್ನು ಏರಿಸಿಕೊಳ್ಳಿ. ಆರ್‌ಟಿಒ ಕೊಟ್ಟ ಸ್ವೀಕೃತಿ ನಿಮ್ಮ ಜೇಬಿಗೆ ಬಂದ ಮೇಲೆ ಕೀ ಕೊಡಿ. ಖಾಲಿ ಫಾರಮ್ಮಿಗೆ ಸಹಿ ಕೇಳಿದರೆ ಕೊಡಬೇಡಿ, ಕೇಳಿದವನು ಎಷ್ಟು ರೈಡಿಗೆ ಜೊತೆಗೆ ಬಂದಿದ್ದರೂ ಸರಿ. ತಿಂಗಳೆರಡು ಬಿಟ್ಟು ಗಾಡಿ ನಂಬರು ಹಾಕಿ ದಾಖಲೆ ನೋಡಿ. ಮಾಲೀಕರ ಹೆಸರು ಬದಲಾಗಿಲ್ಲದಿದ್ದರೆ ನಿಮ್ಮ ಗಾಡಿ ಇನ್ನೂ ಮಾರಾಟವಾಗಿಲ್ಲ ಎಂದೇ ತಿಳಿದು ಅವನಿಗೆ ಫೋನ್ ಮಾಡಿ.